ಕೌಲಿಯ ಬಾಣಂತನ

ನಾನು ರೋಹಿಣಿ. ಕೋಲಸಿರ್ಸಿಯಲ್ಲಿ ನಮ್ಮೂರ ಹಾಲಿನ ಡೇರಿಗೆ ಬಂದ ಹಾಲನ್ನು ಅಳೆದು ತಗೊಳ್ಳುವವಳು ನಾನೇ. ಹದಿಮೂರು ವರ್ಷವಾಯ್ತು. ನೀರು ಬೆರೆಸಿದ ಹಾಲು ನೋಡಿದ್ದೇನೆ, ಒಡೆದ ಹಾಲು ನೋಡಿದ್ದೇನೆ, ನೊಣ ಬಿದ್ದ ಹಾಲು ತಂದವರಿಗೆ ಬೈದು ವಾಪಸ್ ಕಳಿಸಿದ್ದೇನೆ. ನನ್ನ ಬಾಯಿಗೆ ಹೆದರಿಯೇ ಊರವರು ಕ್ಯಾನನ್ನು ಎರಡೆರಡು ಸಲ ತೊಳೀತಾರೆ ಅಂತ ನಮ್ಮನೆಯವರು ನಗಾಡ್ತಾರೆ. ನಗಾಡಲಿ ಬಿಡಿ.

ಆದರೆ ಆ ದಿನ ಬೆಳಿಗ್ಗೆ ಮನೋಹರ ತಂದ ಚೆಂಬಿನೊಳಗೆ ಇದ್ದದ್ದನ್ನು ನೋಡಿ ನನ್ನ ಬಾಯಿಯೇ ಕಟ್ಟಿಹೋಯ್ತು.

ಮನೋಹರ ಅಂದರೆ ನಮ್ಮ ಪಕ್ಕದ ಮನೆಯ ದ್ಯಾವಮ್ಮ ದೊಡ್ಡಮ್ಮನ ಮಗ. ದಿನಾ ಕ್ಯಾನು ತರುವವನು ಅವತ್ತು ಒಂದು ಚೆಂಬು ತಂದಿದ್ದ. ಮೇಲೆ ಟವೆಲ್ ಮುಚ್ಚಿದ್ದ. ಸಾಲಿನಲ್ಲಿ ನಿಂತವರಿಗೆ ಕಾಣದ ಹಾಗೆ ನನ್ನ ಮೇಜಿನ ಪಕ್ಕಕ್ಕೆ ಬಂದು, "ಅಕ್ಕಾ, ಇದನ್ನೊಂಚೂರು ನೋಡು" ಅಂದ.

ಟವೆಲ್ ತೆಗೆದೆ. ಅಯ್ಯಯ್ಯೋ! ಕೆಂಪು ಕೆಂಪು ನೀರು. ಅದರಲ್ಲಿ ಹಾಲು ಒಡೆದ ಹಾಗೆ ಗಂಟು ಗಂಟು. ಒಂದು ಗಂಟಿಗೆ ರಕ್ತ ದಾರದ ಹಾಗೆ ಸುತ್ತಿಕೊಂಡಿತ್ತು. ವಾಸನೆ ಬೇರೆ.

"ಇದೆಂತದು ಮಾರಾಯಾ?"

"ಹಾಲು ಅಕ್ಕಾ. ಕೌಲಿದು."

ಕೈಯಲ್ಲಿದ್ದ ಅಳತೆ ಪಾತ್ರೆ ಟಣ್ಣಂತ ನೆಲಕ್ಕೆ ಬಿತ್ತು. ಕೌಲಿದಾ? ಹತ್ತು ದಿನದ ಹಿಂದೆ ಕರು ಹಾಕಿದ ಆಕಳಿನದಾ? ಸಾಲಿನಲ್ಲಿದ್ದವರಿಗೆ ಕಾಯಿರಿ ಅಂತಲೂ ಹೇಳಲಿಲ್ಲ, ಪುಸ್ತಕ ಮುಚ್ಚಿ ಮನೋಹರನ ಹಿಂದೆಯೇ ಓಡಿದೆ.

ಓಡುವಾಗಿನ ನನ್ನ ಹೆದರಿಕೆ ನಿಮಗೆ ಅರ್ಥ ಆಗಬೇಕಾದರೆ ಕೌಲಿಯ ವಿಷಯ ಸ್ವಲ್ಪ ಹೇಳಬೇಕು. ಅದು ಕಂದು ಬಣ್ಣದ ಜರ್ಸಿ ಮಿಶ್ರತಳಿ ಆಕಳು. ದೊಡ್ಡಮ್ಮ ಅದನ್ನು ಕರುವಿದ್ದಾಗಿಂದ ತನ್ನ ಕೈಯಾರೆ ಸಾಕಿದ್ದು. ಮನೆಯವರು ಉಂಡರೋ ಇಲ್ಲವೋ ಅನ್ನೋದು ಆಮೇಲಿನ ಮಾತು, ಕೌಲಿ ತಿಂತೋ ಇಲ್ಲವೋ ಅನ್ನೋದು ಮೊದಲು. ಹಿಂದಿನ ಸೂಲಿನಲ್ಲಿ ದಿನಕ್ಕೆ ಎಂಟು ಲೀಟರ್ ಕೊಟ್ಟಿತ್ತು. ಆ ಮನೆಯ ಚಾ, ಮಜ್ಜಿಗೆ, ಡೇರಿಗೆ ಬರೋದು, ಎಲ್ಲ ಅದೊಂದೇ ಕೆಚ್ಚಲಿನಿಂದ. ಕೊಟ್ಟಿಗೆಯಲ್ಲಿ ಇನ್ನೊಂದು ಕರೆಯುವ ಆಕಳು ಇಲ್ಲ.

ಈ ಸಲ ಅವರ ಮನೆಯಲ್ಲಿ ಒಂದು ವಿಶೇಷ ನಡೆದಿತ್ತು. ದೊಡ್ಡಮ್ಮನ ಮಗಳು ದಿವ್ಯಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳಿಗೆ ಹೆಣ್ಣುಮಗು ಹುಟ್ಟಿದ ನಾಲ್ಕನೇ ದಿನ ಕೌಲಿಯೂ ಹೆಣ್ಣುಕರು ಹಾಕಿತು. ದೊಡ್ಡಮ್ಮನ ಸಂಭ್ರಮ ಕೇಳಬೇಕಾ! "ನಮ್ಮನೇಲಿ ಈಗ ಎರಡು ಬಾಣಂತಿ. ಒಳಗೊಂದು, ಹೊರಗೊಂದು" ಅಂತ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದ್ದೇ ಹೇಳಿದ್ದು.

ಹೇಳಿದ್ದಷ್ಟೇ ಅಲ್ಲ, ಮಾಡಿದ್ದೂ ಹಾಗೇ. ಒಳಗಿನ ಬಾಣಂತಿಗೆ ಯಾವ ಪಥ್ಯವೋ ಹೊರಗಿನ ಬಾಣಂತಿಗೂ ಅದೇ ಪಥ್ಯ. ದಿವ್ಯಾ ನೀರು ಕುಡಿಯಬಾರದು, ಕುಡಿದರೆ ಹೊಟ್ಟೆ ಬರ್ತದೆ. ಕೌಲಿಯ ನೀರಿನ ಬಾನಿಯೂ ಬೋರಲು ಬಿತ್ತು. ಬೆಳಿಗ್ಗೆ ಒಂದು ಬಕೆಟ್ ಬಿಸಿನೀರು, ಸಂಜೆ ಒಂದು ಬಕೆಟ್, ಮುಗೀತು. ದಿವ್ಯಾ ಸೊಪ್ಪು ತರಕಾರಿ ಮುಟ್ಟಬಾರದು, ಶೀತ. ಕೌಲಿಗೂ ಹಸಿಹುಲ್ಲು ಬಂದ್. ಬದಲಿಗೆ ಎರಡು ಹೊತ್ತೂ ಬಕೆಟ್ ತುಂಬ ಅಕ್ಕಿ ಗಂಜಿ, ಅದಕ್ಕೆ ಕೈತುಂಬ ಬೆಲ್ಲ, ಮೆಂತೆ, ಕಾಳುಮೆಣಸು. ಪಶು ಆಸ್ಪತ್ರೆಯಿಂದ ತಂದ ಖನಿಜ ಮಿಶ್ರಣದ ಪೊಟ್ಟಣ ಅಟ್ಟ ಸೇರಿತು. ಯಾಕೆ ಅಂದರೆ ಆ ಪುಡಿಯೂ ಶೀತವಂತೆ.

ನಾನು ಏನು ಮಾಡ್ತಿದ್ದೆ ಅಂತೀರಾ? ತಡೀರಿ, ನನ್ನ ಪಾಪವೂ ಬರ್ತದೆ.

ಆ ಚೆಂಬು ಬರುವ ಮೂರು ದಿನ ಮೊದಲು, ದಿವ್ಯಾಳ ಮಗುವಿಗೆ ಹೆಸರಿಟ್ಟ ದಿನ, ಬರಬೇಕಾಗಿದ್ದ ನೆಂಟರಲ್ಲಿ ಒಂದು ಟೆಂಪೋ ಜನ ಬರಲೇ ಇಲ್ಲ. ದಾರಿಯಲ್ಲಿ ಗಾಡಿ ಕೆಟ್ಟಿತಂತೆ. ದೊಡ್ಡ ಪಾತೇಲಿಯ ಅರ್ಧಕ್ಕೆ ಅನ್ನ ಉಳೀತು, ಪಾಯಸವೂ ಉಳೀತು. "ಅನ್ನ ಚೆಲ್ಲಬಾರದು ಹೆಣ್ಣೇ" ಅಂದರು ದೊಡ್ಡಮ್ಮ. "ಹೊರಗಿನ ಬಾಣಂತಿಗೆ ಹಾಕುವಾ" ಅಂದೆ ನಾನು. ಹೌದು, ನಾನೇ ಅಂದದ್ದು. ಪಾತೇಲಿಯ ಒಂದು ಕಿವಿ ಅವರು ಹಿಡಿದರು, ಇನ್ನೊಂದು ಕಿವಿ ನಾನು ಹಿಡಿದೆ. ಪಾಯಸವನ್ನೂ ಮೇಲೆ ಸುರಿದೆವು. ಕೌಲಿ ಬಸಬಸ ತಿಂದಿತು. ಅದರ ತುಂಬಿದ ಕೆಚ್ಚಲು ನೋಡಿ ನಾನು, "ಅಬ್ಬಾ ದೊಡ್ಡಮ್ಮ, ಕೆಚ್ಚಲು ನೋಡಿ, ಕುಂಬಳಕಾಯಿ ಇದ್ದ ಹಾಗಿದೆ!" ಅಂದೆ. ಆ ಒಂದು ಮಾತು ನನಗೆಷ್ಟು ದುಬಾರಿ ಆಯ್ತು ಕೇಳಿ.

ಚೆಂಬಿನ ಹಿಂದೆ ಓಡಿ ಕೊಟ್ಟಿಗೆಗೆ ಬಂದೆನಲ್ಲ, ಒಳಗೆ ಮೆಣಸಿನಕಾಯಿ ಸುಟ್ಟ ಘಾಟು. ದೊಡ್ಡಮ್ಮ ಉಪ್ಪು ಮೆಣಸು ನಿವಾಳಿಸಿ ಬೆಂಕಿಗೆ ಹಾಕಿ ಕೂತಿದ್ದರು. ಕೌಲಿ ನೆಲಕ್ಕೆ ಹಾಸಿದ ಒದ್ದೆ ಸೊಪ್ಪಿನ ಮೇಲೆ ಕತ್ತು ಚಾಚಿ ಮಲಗಿತ್ತು. ಸಗಣಿ ದೋಸೆ ಹಿಟ್ಟಿನ ಹಾಗೆ ನೀರು ನೀರು. ಬಾಲ, ತೊಡೆ, ಕೆಚ್ಚಲು, ಎಲ್ಲದಕ್ಕೂ ಅದೇ ಮೆತ್ತಿಕೊಂಡಿತ್ತು. ಮನೋಹರ ಹೇಗೋ ಎಬ್ಬಿಸಿದ. ಹಿಂದಿನ ಬಲಗಡೆಯ ಮೊಲೆಯ ಭಾಗ ಊದಿ ಕಲ್ಲಾಗಿತ್ತು. ಕೈ ತಾಗಿಸಿದೆ, ಕೆಂಡದ ಬಿಸಿ. ಕೌಲಿ ಒದೀತು. ಒಂದು ದಿನ ಒದ್ದ ಆಕಳಲ್ಲ ಅದು.

"ದೊಡ್ಡಮ್ಮ, ಇದು ಕೆಚ್ಚಲು ಬಾವು. ಡಾಕ್ಟರಿಗೆ ಹೇಳಿದ್ರಾ?"

"ಡಾಕ್ಟರ್ ಎಂತ ಮಾಡ್ತಾರೆ? ಇದು ಕಣ್ಣು ಬಿದ್ದದ್ದು."

"ಯಾರ ಕಣ್ಣು?"

ದೊಡ್ಡಮ್ಮ ನನ್ನ ಮುಖವನ್ನೇ ನೋಡಿದರು.

ನನಗೆ ಒಂದು ಕ್ಷಣ ತಿಳಿಯಲೇ ಇಲ್ಲ. ಆಮೇಲೆ ತಿಳೀತು ನೋಡಿ. "ನನ್ನ ಕಣ್ಣಾ?"

"ಕುಂಬಳಕಾಯಿ ಅಂದವಳು ಯಾರು ಅಂತ ನಿಂಗೇ ಗೊತ್ತು" ಅಂದರು ದೊಡ್ಡಮ್ಮ.

ಇಪ್ಪತ್ತು ವರ್ಷದಿಂದ ಒಂದೇ ಬೇಲಿಯ ಆಚೆ ಈಚೆ ಇದ್ದವರು ನಾವು. ಅವರ ಮನೆಯ ಸಾರು ನಮ್ಮನೆಗೆ, ನಮ್ಮನೆಯ ಪಲ್ಯ ಅವರ ಮನೆಗೆ. ನನಗೆ ಅಳು ಬಂತು, ಸಿಟ್ಟೂ ಬಂತು. "ಎಂತ ಮಾತು ಅಂತ ಆಡ್ತೀರಿ ದೊಡ್ಡಮ್ಮ! ಕಣ್ಣೋ ಮಣ್ಣೋ ಇವತ್ತೇ ಇತ್ಯರ್ಥ ಆಗಲಿ" ಅಂತ ಅಲ್ಲೇ ನಿಂತು ಎರಡು ಫೋನ್ ಮಾಡಿದೆ. ಒಂದು 1962ಕ್ಕೆ, ಅದು ದನಗಳ ಆಂಬುಲೆನ್ಸಿನ ನಂಬರು. ಇನ್ನೊಂದು ದಾಕ್ಷಾಯಿಣಿಗೆ.

ದಾಕ್ಷಾಯಿಣಿ ನಮ್ಮ ಪಂಚಾಯಿತಿಯ ಪಶುಸಖಿ. ತರಬೇತಿ ತಗೊಂಡು ಮನೆಮನೆಗೆ ಹೋಗಿ ದನಕರುಗಳ ಆರೈಕೆ ಹೇಳಿಕೊಡುವ ಕೆಲಸ ಅವಳದು. ಬನವಾಸಿ ಕಡೆಯ ಹೆಣ್ಣು, ಮದುವೆಯಾಗಿ ಇಲ್ಲಿಗೆ ಬಂದು ಎಂಟು ವರ್ಷವಾದರೂ ಮಾತು ಮಾತ್ರ ಇನ್ನೂ ಆ ಕಡೆಯದೇ. ಕಾಲು ಗಂಟೆಯಲ್ಲಿ ಸ್ಕೂಟಿಯಲ್ಲಿ ಬಂದಳು.

"ಸರೀರಿ, ಮೊದಲು ನೋಡ್ತೀನಿ" ಅಂತ ಕೈ ತೊಳೆದಳು. ಕೆಚ್ಚಲನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿದಳು. ಚೀಲದಿಂದ ನಾಲ್ಕು ಬಟ್ಟಲಿರುವ ಒಂದು ಪ್ಲಾಸ್ಟಿಕ್ ತಟ್ಟೆ ತೆಗೆದು, ಒಂದೊಂದು ಮೊಲೆಯ ಹಾಲನ್ನು ಒಂದೊಂದು ಬಟ್ಟಲಿಗೆ ಕರೆದಳು. ಮೇಲೆ ಬಾಟಲಿಯ ಔಷಧಿ ಅಷ್ಟಷ್ಟೇ ಹಾಕಿ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದಳು.

ಬಾವು ಬಂದ ಮೊಲೆಯ ಹಾಲು ಮೊಟ್ಟೆಯ ಲೋಳೆಯ ಹಾಗೆ ಗಟ್ಟಿಯಾಯ್ತು. ಅದು ಗೊತ್ತಿದ್ದದ್ದೇ. ನಾವು ಮೂವರೂ ಬೆಚ್ಚಿಬಿದ್ದದ್ದು ಪಕ್ಕದ ಬಟ್ಟಲು ನೋಡಿ. ಮುಂದಿನ ಬಲಮೊಲೆಯ ಹಾಲು ಅದು. ಬೆಳ್ಳಗೆ, ಚೆಂದಕ್ಕೆ ಇತ್ತು. ಆ ಮೊಲೆಗೆ ಬಾವೂ ಇಲ್ಲ, ನೋವೂ ಇಲ್ಲ. ಅದೂ ಗಟ್ಟಿಯಾಗ್ತಾ ಬಂತು!

"ಇದಕ್ಕೂ ಬಂದೈತಿ" ಅಂದಳು ದಾಕ್ಷಾಯಿಣಿ. "ಕಣ್ಣಿಗೆ ಕಾಣವಲ್ದು ಅಷ್ಟ. ಇನ್ನೆರಡು ದಿನ ಬಿಟ್ಟಿದ್ರ ಇದೂ ಹಂಗ ಆಗ್ತಿತ್ತು."

ಮನೋಹರ ತಲೆ ಮೇಲೆ ಕೈ ಹೊತ್ತು ಕಂಬಕ್ಕೆ ಒರಗಿದ. ಈ ಹಾಲನ್ನು ಎರಡು ದಿನದಿಂದ ನಾನೇ ಅಳೆದು ತಗೊಂಡಿದ್ದೆನಲ್ಲ! ನೊಣ ಕಂಡ ನನ್ನ ಕಣ್ಣಿಗೆ ಇದು ಕಾಣಲಿಲ್ಲ.

ದಾಕ್ಷಾಯಿಣಿ ಕೂತು ಸಗಣಿ ನೋಡಿದಳು. ಮೂಗಿಗೆ ಹತ್ತಿರ ಹಿಡಿದು ಮೂಸಿದಳು. "ಶಿವ ಶಿವಾ, ಹೆಣ್ಣಿಗೆ ಹೇಸಿಗೆ ಇಲ್ವಾ?" ಅಂದರು ದೊಡ್ಡಮ್ಮ.

"ಹುಳಿ ವಾಸನೆ ಬರಾಕತ್ತೈತ್ರಿ. ಅವ್ವಾರ, ಆಕಳಿಗೆ ಏನೇನ್ ಹಾಕೀರಿ, ಸ್ವಲ್ಪ ಹೇಳ್ರಿ."

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಹೆಮ್ಮೆಯಿಂದ ಎಲ್ಲ ಹೇಳಿದರು. ಗಂಜಿ, ಬೆಲ್ಲ, ಕಾಳುಮೆಣಸು. ಹಸಿಹುಲ್ಲು ಇಲ್ಲ. ಖನಿಜದ ಪುಡಿ ಅಟ್ಟದ ಮೇಲೆ. ನೀರು ಎರಡೇ ಬಕೆಟ್. ಹೆಸರಿಟ್ಟ ದಿನದ ಅನ್ನ, ಪಾಯಸ. ಕೇಳ್ತಾ ಕೇಳ್ತಾ ದಾಕ್ಷಾಯಿಣಿಯ ಕಣ್ಣು ದೊಡ್ಡದಾಗ್ತಾ ಹೋಯ್ತು.

"ಯವ್ವಾ! ಆಕಳಿಗೆ ಬಾಣಂತನ ಮಾಡೀರೇನ್ರಿ?"

"ಮಾಡದೆ? ಹೆತ್ತ ಜೀವ ಅಲ್ವೇ ಅದು? ದಿವ್ಯಾಗೆ ಮಾಡಿದ್ದಕ್ಕಿಂತ ಒಂದು ಗುಲಗಂಜಿ ಕಡಿಮೆ ಮಾಡ್ಲಿಲ್ಲ ನಾನು."

ಅಷ್ಟರಲ್ಲಿ ಹೊರಗೆ ಗಾಡಿ ಬಂದ ಸದ್ದಾಯ್ತು. ದನಗಳ ಆಂಬುಲೆನ್ಸಿನಿಂದ ಡಾಕ್ಟರ್ ಉಲ್ಲಾಸ ಇಳಿದು ಬಂದರು. ಕೌಲಿಯ ಜ್ವರ ನೋಡಿದರು, ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಕೆಚ್ಚಲು ಮುಟ್ಟಿ ನೋಡಿದರು. ಇಂಜೆಕ್ಷನ್ ಕೊಟ್ಟರು. ಕೆಟ್ಟ ಹಾಲನ್ನೆಲ್ಲ ಕರೆದು ತೆಗೆಸಿ ಮೊಲೆಯೊಳಗೆ ಟ್ಯೂಬಿನ ಔಷಧಿ ಬಿಟ್ಟರು. ಹೊಟ್ಟೆಯ ಹುಳಿ ಇಳಿಯಲಿ ಅಂತ ಒಂದು ಪುಡಿ ಕದಡಿ ಕುಡಿಸಿದರು. ದಾಕ್ಷಾಯಿಣಿ ಹೇಳಿದ್ದನ್ನೆಲ್ಲ ಕೇಳಿ, "ಹೌದು, ಶುರುವಾದದ್ದು ಹೊಟ್ಟೆಯಿಂದಲೇ" ಅಂದರು.

ದೊಡ್ಡಮ್ಮ ಬಿಡುವವರಲ್ಲ. "ಹೊಟ್ಟೆ ಎಲ್ಲಿ, ಕೆಚ್ಚಲು ಎಲ್ಲಿ ಡಾಕ್ಟ್ರೇ? ಬಾಯಿಗೆ ಹಾಕಿದ್ದು ಮೊಲೆಗೆ ಹೆಂಗೆ ಹೋಗ್ತದೆ?"

"ಅಮ್ಮಾ, ನೀವು ದೋಸೆಗೆ ಹಿಟ್ಟು ಕಡೆದು ಇಡ್ತೀರಿ. ಸೆಕೆ ಇದ್ದ ದಿನ ಎಂತ ಆಗ್ತದೆ?"

"ಉಕ್ಕಿ ಹುಳಿ ಬರ್ತದೆ."

"ಆಕಳ ಹೊಟ್ಟೆ ಇರೋದು ಹುಲ್ಲನ್ನು ನೆನೆಸಿ ನಿಧಾನಕ್ಕೆ ಕರಗಿಸೋಕೆ. ಅದಕ್ಕೆ ನೀವು ಒಮ್ಮೆಲೇ ಪಾತೇಲಿ ಅನ್ನ, ಬೆಲ್ಲ, ಪಾಯಸ ಸುರಿದ್ರಿ. ಒಳಗೆ ಎಲ್ಲ ಹುಳಿ ಬಂತು. ಮೆಲುಕು ನಿಂತಿತು, ಸಗಣಿ ನೀರಾಯ್ತು. ಆ ಹುಳಿ ಮೈಯ ಶಕ್ತಿಯನ್ನೇ ಕುಗ್ಗಿಸ್ತದೆ. ಬಾವು ತರೋದು ಕ್ರಿಮಿ, ಸುಳ್ಳಲ್ಲ. ಆದರೆ ಕ್ರಿಮಿ ಕೊಟ್ಟಿಗೆಯಲ್ಲಿ ಯಾವತ್ತೂ ಇರ್ತದೆ. ಗಟ್ಟಿ ಇರುವ ಆಕಳ ಮೈ ಅದನ್ನು ಹೊರಗೇ ತಡೀತದೆ. ಕೌಲಿಗೆ ತಡೆಯುವ ಶಕ್ತಿ ಎಲ್ಲಿತ್ತು?"

"ಹಸಿಹುಲ್ಲು ಇಲ್ಲ, ಖನಿಜದ ಪುಡಿ ಅಟ್ಟದ ಮ್ಯಾಲೆ" ಅಂತ ದಾಕ್ಷಾಯಿಣಿ ಸೇರಿಸಿದಳು. "ಹಸಿರು ಮೇವಿನ್ಯಾಗಿನ ಜೀವಸತ್ವ, ಆ ಪುಡಿಯೊಳಗಿನ ಖನಿಜ, ಇವೆರಡೂ ಇದ್ರ ಮೊಲಿ ಚರ್ಮ ಗಟ್ಟಿ ಇರ್ತೈತ್ರಿ. ಅವ ಇಲ್ಲಂದ್ರ ಕಾವಲು ಇಲ್ಲದ ಹೊಲ ಆದಂಗ."

"ಮತ್ತೆ ಹಾಲು ಕರೆಯುವಾಗ ಗಂಜಿ ಇಡ್ತೀರಾ, ಕರೆದ ಮೇಲೆ ಇಡ್ತೀರಾ?" ಕೇಳಿದರು ಡಾಕ್ಟರ್.

"ಕರೆಯುವಾಗ. ತಿಂತಾ ಸುಮ್ಮನೆ ನಿಲ್ತದಲ್ಲ."

"ಕರೆದ ಮೇಲೆ?"

"ಮಲಗ್ತದೆ ಪಾಪ, ಹೊಟ್ಟೆ ತುಂಬಿರ್ತದೆ."

"ಅಲ್ಲೇ ಅಮ್ಮಾ ತಪ್ಪಾದದ್ದು. ಹಾಲು ಕರೆದ ಮೇಲೆ ಮೊಲೆಯ ತೂತು ಅರ್ಧ ತಾಸು ತೆರೆದೇ ಇರ್ತದೆ. ಆ ಹೊತ್ತಿಗೆ ಕೌಲಿ ಈ ನೀರು ಸಗಣಿ ಮೇಲೆ ಮಲಗ್ತು. ಕ್ರಿಮಿ ನೆಟ್ಟಗೆ ಒಳಗೆ ಹೋಯ್ತು. ಕರೆದ ಮೇಲೆ ಒಂದು ಹೊರೆ ಹುಲ್ಲು ಎದುರಿಗೆ ಹಾಕಿದ್ರೆ ತಿಂತಾ ನಿಂತಿರ್ತಿತ್ತು."

ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಡಾಕ್ಟ್ರೇ, ನನ್ನ ಕಣ್ಣು ಬಿದ್ದದ್ದಲ್ವಲ್ಲ?"

"ಕಣ್ಣಲ್ಲ. ಆ ಅನ್ನದ ಪಾತೇಲಿ ಹೊತ್ತು ತಂದದ್ದು ಯಾರು?"

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ದೊಡ್ಡಮ್ಮ ನನ್ನ ನೋಡಿದರು, ನಾನು ದೊಡ್ಡಮ್ಮನ ನೋಡಿದೆ. ಒಂದು ಕಿವಿ ಅವರು ಹಿಡಿದದ್ದು, ಒಂದು ಕಿವಿ ನಾನು ಹಿಡಿದದ್ದು. ನನ್ನ ಕಣ್ಣು ಕೆಟ್ಟದ್ದಲ್ಲ, ಸರಿ. ಕೆಟ್ಟ ಕೆಲಸ ಮಾಡಿದ್ದು ಈ ಕೈ.

"ಅದೆಲ್ಲ ಇರಲಿ" ಅಂದರು ದೊಡ್ಡಮ್ಮ. ದನಿ ಸಣ್ಣದಾಗಿತ್ತು, ಹಠ ಹೋಗಿರಲಿಲ್ಲ. "ನೀರಿನ ವಿಷಯ ನಾನು ಒಪ್ಪೋದಿಲ್ಲ. ಗಂಜಿಯಲ್ಲಿ ನೀರಿರಲಿಲ್ವೇ? ಬಾಯಾರಿಕೆ ಆಗಿದ್ರೆ ಕೌಲಿ ಕೂಗ್ತಿರ್ಲಿಲ್ವೇ?"

ಡಾಕ್ಟರ್ ವಾದ ಮಾಡಲಿಲ್ಲ. "ಮನೋಹರ, ಬಾನಿ ನೆಟ್ಟಗೆ ಮಾಡು. ಒಂದು ಕೊಡ ನೀರು ತಾ. ಹೊಟ್ಟೆ ಕೆಟ್ಟಿದೆ, ಒಮ್ಮೆಲೇ ಬೇಡ. ಬಿಟ್ಟು ಬಿಟ್ಟು ಕೊಡುವ."

ಮನೋಹರ ಕೊಡ ಬಗ್ಗಿಸಿದನೋ ಇಲ್ಲವೋ, ಕೌಲಿ ಮೂಗಿನವರೆಗೂ ಮುಖ ಅದ್ದಿತು. ಗಟಗಟ ಗಟಗಟ. ಒಂದು ಕೊಡ ಖಾಲಿ. ತಳ ನೆಕ್ಕಿತು. ಬಾನಿಯನ್ನೇ ಮೂತಿಯಿಂದ ನೂಕಿ ದೊಡ್ಡಮ್ಮನ ಕಡೆ ನೋಡ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೊಡ ಹಾಕಿದರೆ ಅದೂ ಹಾಗೇ ಹೋಯ್ತು. ಬೇರೆ ಏನೂ ಸದ್ದಿಲ್ಲ, ಅದು ನೀರು ನುಂಗುವ ಸದ್ದೊಂದೇ. ಹತ್ತು ದಿನದಿಂದ ಆ ಮೂಕ ಪ್ರಾಣಿ ಹೀಗೆ ಬಾಯಾರಿ ನಿಂತಿತ್ತಾ? ನಾವೆಲ್ಲ ಅದರ ಮುಂದೆಯೇ ಓಡಾಡಿದ್ವಲ್ಲ!

"ಹಾಲು ಕೊಡೋ ಆಕಳಿಗೆ ದಿನಕ್ಕೆ ಐದಾರು ಕೊಡ ನೀರು ಬೇಕು" ಅಂತಿದ್ದರು ಡಾಕ್ಟರ್. "ಹಾಲು ಅಂದ್ರೆ ಬಹುಪಾಲು ನೀರೇ ಅಲ್ವಾ?"

ಆಗ ಹಿಂದಿನಿಂದ ಒಂದು ದನಿ ಬಂತು. "ಅಮ್ಮಾ."

ದಿವ್ಯಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಬಟ್ಟೆ ಸುತ್ತಿ, ಸ್ವೆಟರ್ ಹಾಕಿ, ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು. ಬಾಣಂತಿ ಹೊರಗೆ ಬಂದದ್ದು ನೋಡಿ ದೊಡ್ಡಮ್ಮ ಬೈಯಲು ಬಾಯಿ ತೆರೆದರು. ಅವಳ ಮುಖ ನೋಡಿ ನಿಲ್ಲಿಸಿದರು. ಅವಳ ಕಣ್ಣು ಬಾನಿಯ ಮೇಲಿತ್ತು. ತುಟಿ ಒಡೆದು ಬೆಳ್ಳಗಾಗಿತ್ತು.

"ಅಮ್ಮಾ, ನಂಗೂ ಹಾಂಗೇ ಆಗ್ತಿದೆ" ಅಂದಳು. "ಹದಿನಾಲ್ಕು ದಿನದಿಂದ. ಮಗು ಎದೆ ಚೀಪಿ ಚೀಪಿ ಅಳ್ತದೆ. ಹಾಲು ಸಾಲೋದಿಲ್ಲ. ಹೇಳಿದ್ರೆ ನೀನು ಬೈತಿ ಅಂತ ಸುಮ್ಮನಿದ್ದೆ."

ದೊಡ್ಡಮ್ಮ ನಿಂತಲ್ಲೇ ನಿಂತರು. ಕೌಲಿಯನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಡಾಕ್ಟರ್ ಕಡೆ ತಿರುಗಿ, "ಮನುಷ್ಯರಿಗೂ ಕೊಡಬೋದಾ ನೀರು?" ಅಂತ ಕೇಳಿದರು. ಸಣ್ಣ ಮಗು ಕೇಳಿದ ಹಾಗೆ ಕೇಳಿದರು.

"ನಾನು ದನದ ಡಾಕ್ಟರಮ್ಮಾ. ಆದರೂ ಹೇಳ್ತೇನೆ, ಕೊಡಲೇಬೇಕು. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ."

"ಅವಳು ಹೇಳಿದ್ಲು" ಅಂದರು ದೊಡ್ಡಮ್ಮ. "ನೀರು, ಸೊಪ್ಪು ಎಲ್ಲ ಕೊಡಿ ಅಂದ್ಲು. ನಿನ್ನ ಅಜ್ಜಿಯ ಕಾಲದಿಂದ ಬಾಣಂತನ ಮಾಡಿದವಳು ನಾನು ಅಂತ ಬೈದು ಕಳ್ಸಿದೆ."

ಅಷ್ಟು ಹೇಳಿ ಅವರೇ ಒಳಗೆ ಹೋದರು. ಕಾಯಿಸಿ ಆರಿಸಿದ ನೀರು ದೊಡ್ಡ ಲೋಟದಲ್ಲಿ ತಂದು ಮಗಳ ಕೈಗೆ ಕೊಟ್ಟರು. ದಿವ್ಯಾ ಕುಡಿದ ರೀತಿ ನಾನು ಹೇಳೋದಿಲ್ಲ. ಎರಡನೇ ಲೋಟವನ್ನು ದೊಡ್ಡಮ್ಮ ಓಡೋಡಿ ತಂದರು, ಅರ್ಧ ನೀರು ದಾರಿಯಲ್ಲೇ ಚೆಲ್ಲಿತು.

ಡಾಕ್ಟರ್ ಐದು ದಿನ ಔಷಧಿ ನಡೆಸಿದರು. ಅಷ್ಟು ದಿನ, ಆಮೇಲೆ ಅವರು ಹೇಳಿದಷ್ಟು ದಿನ, ಕೌಲಿಯ ಹಾಲು ಡೇರಿಗೂ ಬೇಡ, ಮನೆಗೂ ಬೇಡ, ಕರುವಿಗೂ ಬೇಡ. ಕರೆದು ಹೊಂಡಕ್ಕೆ ಸುರಿದು ಮಣ್ಣು ಮುಚ್ಚಿದ್ದು. ಕೌಲಿಯ ಕರುವಿಗೆ ಎರಡು ಹೊತ್ತೂ ನಮ್ಮನೆಯ ಆಕಳ ಹಾಲು ನಾನೇ ಒಯ್ದು ಕುಡಿಸಿದೆ. ಪಾತೇಲಿಯ ಕಿವಿ ಹಿಡಿದ ಕೈಗೆ ಅಷ್ಟಾದರೂ ಪ್ರಾಯಶ್ಚಿತ್ತ ಬೇಡವಾ?

ಕೆಚ್ಚಲು ಏನಾಯ್ತು ಅಂತ ಕೇಳ್ತೀರಿ. ಮುಂದಿನ ಬಲಮೊಲೆ ಉಳೀತು. ಹೊತ್ತಿಗೆ ಸರಿಯಾಗಿ ಪರೀಕ್ಷೆ ಮಾಡಿದ್ದಕ್ಕೆ ಉಳೀತು. ಹಿಂದಿನ ಬಲಮೊಲೆ ಉಳಿಯಲಿಲ್ಲ. ಬಾವು ಇಳೀತು, ಆದರೆ ಹಾಲು ಮತ್ತೆ ಬರಲಿಲ್ಲ. ಮೆಲ್ಲ ಮೆಲ್ಲಗೆ ಬತ್ತಿ ಒಣಗಿದ ಬೆರಳಿನ ಹಾಗಾಯ್ತು. ಇನ್ನು ಕೌಲಿ ಬದುಕಿರುವಷ್ಟು ದಿನ ಮೂರೇ ಮೊಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಅದು ನಮ್ಮಿಬ್ಬರ ಕಥೆ.

ಈಗ ಅವರ ಕೊಟ್ಟಿಗೆಗೆ ಹೋದರೆ ಬೇರೆಯೇ ಉಂಟು. ಬಾನಿ ಹಗಲೂ ರಾತ್ರಿ ತುಂಬಿರ್ತದೆ. ಖನಿಜ ಮಿಶ್ರಣ ಅಟ್ಟದಿಂದ ಇಳಿದು ಹಿಂಡಿಯ ಡಬ್ಬಿಯ ಪಕ್ಕ ಕೂತಿದೆ, ದಿನಕ್ಕೆ ಐವತ್ತು ಗ್ರಾಂ. ಹಸಿಹುಲ್ಲು, ಒಣಹುಲ್ಲು ಎರಡೂ ಸೇರಿಸಿ ಹಾಕ್ತಾರೆ. ಹಿಂಡಿಯನ್ನು ಡಾಕ್ಟರ್ ಹೇಳಿದ ಹಾಗೆ ದಿನಾ ಸ್ವಲ್ಪ ಸ್ವಲ್ಪವೇ ಏರಿಸಿದರು. ಹಾಲು ಕರೆದು ಎದ್ದ ಕೂಡಲೇ ಕೌಲಿಯ ಮುಂದೆ ಹುಲ್ಲಿನ ಹೊರೆ ಬೀಳ್ತದೆ.

ಮೊನ್ನೆ ನಮ್ಮ ಸ್ವಸಹಾಯ ಸಂಘದ ಸಭೆ ದೊಡ್ಡಮ್ಮನ ಮನೆ ಜಗಲಿಯಲ್ಲೇ ಆಯ್ತು. ಒಬ್ಬಳು, "ನಮ್ಮ ಆಕಳು ನಾಡಿದ್ದು ಕರು ಹಾಕ್ತದೆ, ಗಂಜಿಗೆ ಅಕ್ಕಿ ತೆಗೆದಿಟ್ಟೆ" ಅಂದಳು. ದೊಡ್ಡಮ್ಮ ಎದ್ದರು. ಅವಳ ಕೈ ಹಿಡಿದು ಎಳಕೊಂಡೇ ಕೊಟ್ಟಿಗೆಗೆ ಹೋದರು. ನಾವೆಲ್ಲ ಹಿಂದೆ ಹೋದೆವು. ಕೌಲಿಯ ಬತ್ತಿದ ಮೊಲೆಯ ಮೇಲೆ ಅವಳ ಕೈ ಇಡಿಸಿ ಹೇಳಿದರು:

"ಮುಟ್ಟಿ ನೋಡು ಮಗಾ. ಇದು ವೈರಿ ಮಾಡಿದ್ದಲ್ಲ, ಕಣ್ಣು ಬಿದ್ದು ಆದದ್ದಲ್ಲ. ನಾನು ಪ್ರೀತಿಯಿಂದ ಮಾಡಿದ್ದು. ಕೇಳದೆ, ತಿಳಿಯದೆ ಮಾಡಿದ ಪ್ರೀತಿ ಹಿಂಗೆ ಇರ್ತದೆ."

ಕೌಲಿ ಕತ್ತು ತಿರುಗಿಸಿ ದೊಡ್ಡಮ್ಮನ ಕೈ ನೆಕ್ಕಿತು. ಆ ಹೆಂಗಸು ಅತ್ತರು, ನಾವೂ ಅತ್ತೆವು.

ಅದಕ್ಕೇ ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ನಿಮ್ಮ ಹತ್ತಿರ ಕೈ ಮುಗಿದು ಕೇಳ್ತೇನೆ. ಕರು ಹಾಕಿದ ಆಕಳಿಗೆ ಬಾಣಂತನದ ಪಥ್ಯ ಮಾಡಬೇಡಿ. ಕಾರ್ಯದ ಮನೆಯ ಅನ್ನ ಪಾಯಸ ಉಳಿದರೆ ಅದನ್ನು ಬಾನಿಗೆ ಸುರಿಯಬೇಡಿ. ಬೂಸಲು ಬಂದ ಹಿಂಡಿ, ಬೂಸಲು ಬಂದ ಹುಲ್ಲು ಗೊಬ್ಬರದ ಗುಂಡಿಗೆ ಹೋಗಲಿ, ಆಕಳ ಹೊಟ್ಟೆಗೆ ಬೇಡ. ಮೇವು ಬದಲಾಯಿಸೋದಾದರೆ ನಿಧಾನಕ್ಕೆ ಬದಲಾಯಿಸಿ. ದಿನಾ ಹಾಲು ಕರೆಯುವ ಮುಂಚೆ ಮೊದಲ ನಾಲ್ಕು ಹನಿ ಒಂದು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ, ಒಂದೇ ಒಂದು ಸಣ್ಣ ಗಂಟು ಕಂಡರೂ ಮೆಣಸಿನಕಾಯಿ ಸುಡುತ್ತಾ ಕೂರಬೇಡಿ, 1962ಕ್ಕೆ ಫೋನ್ ಮಾಡಿ. ಹಾಲು ಕರೆದ ಮೇಲೆ ಅರ್ಧ ತಾಸು ನಿಮ್ಮ ಆಕಳು ತಿನ್ನುತ್ತಾ ನಿಂತಿರಲಿ.

ಇದನ್ನು ಓದಿದವರು, ಓದಿಸಿ ಕೇಳಿದವರು, ಈಗ ಒಂದು ಕೆಲಸ ಮಾಡಿ. ಬೇರೆ ಮಾತು ಆಮೇಲೆ. ಎದ್ದು ಕೊಟ್ಟಿಗೆಗೆ ಹೋಗಿ ಬಾನಿಯಲ್ಲಿ ನೀರು ಇದೆಯಾ ಅಂತ ನೋಡಿ. ಇಲ್ಲದಿದ್ದರೆ ತುಂಬಿಸಿ. ತುಂಬಿಸಿ ಬರುವಾಗ, ಮನೆಯೊಳಗೆ ಬಾಣಂತಿ ಇದ್ದರೆ, ಅವಳ ಕೋಣೆಯ ಬಾಗಿಲು ತಟ್ಟಿ ಒಂದು ಮಾತು ಕೇಳಿ: "ಬಾಯಾರಿಕೆ ಆಗಿದೆಯಾ ಮಗಾ?"